ಬೆಂಗಳೂರಿನ ಟೆರೇಸ್‌ನಿಂದ ಗ್ಯಾಲಕ್ಸಿ ಫೋಟೋ: ಸಣ್ಣ ಟೆಲಿಸ್ಕೋಪ್ ಇರುವವರಿಗೆ ಸಮಗ್ರ ಮಾರ್ಗದರ್ಶಿ

ಟೆಲಿಸ್ಕೋಪ್ ಇದೆ, ಕ್ಯಾಮೆರಾ ಇದೆ, ಅರ್ಧ ರಾತ್ರಿವರೆಗೆ ಟೆರೇಸ್ ಮೇಲೆ ಕೂತಿದ್ದೂ ಆಯಿತು. ಬೆಳಿಗ್ಗೆ ಕಂಪ್ಯೂಟರ್‌ನಲ್ಲಿ ತೆರೆದರೆ ಬೂದು ಬಣ್ಣದ ಆಕಾಶ, ಒಂದು ಮೂಲೆಯಲ್ಲಿ ಹಳದಿ ಬೆಳಕು, ಗ್ಯಾಲಕ್ಸಿ ಇರಬೇಕಾದ ಕಡೆ ಒಂದು ಮಸುಕು ಚುಕ್ಕೆ. ನನಗೆ ಫೋಟೋ ತೋರಿಸಿ ಕೇಳುವವರಲ್ಲಿ ಹೆಚ್ಚಿನವರ ಕಥೆ ಇದೇ. ಆಮೇಲೆ ಅವರು ಇನ್ನೂ ದೊಡ್ಡ ಟೆಲಿಸ್ಕೋಪ್, ಇನ್ನೂ ದುಬಾರಿ ಫಿಲ್ಟರ್ ಹುಡುಕಲು ಹೊರಡುತ್ತಾರೆ.

ದಯವಿಟ್ಟು ದುಡ್ಡು ಖರ್ಚು ಮಾಡುವ ಮುನ್ನ ಇದನ್ನು ಓದಿ. ತಪ್ಪು ಸಾಮಾನ್ಯವಾಗಿ ಟೆಲಿಸ್ಕೋಪಿನದಲ್ಲ. ಯಾವ ಗ್ಯಾಲಕ್ಸಿ ಆರಿಸಿದಿರಿ, ಅದು ಎಷ್ಟು ಎತ್ತರದಲ್ಲಿದ್ದಾಗ ತೆಗೆದಿರಿ, ಒಟ್ಟು ಎಷ್ಟು ಗಂಟೆ ತೆಗೆದಿರಿ, ಯಾವ ಕೆಲಸ ಮೊದಲು ಮಾಡಿದಿರಿ ಅನ್ನೋದರಲ್ಲೇ ಎಲ್ಲ ಇದೆ. ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಮಾಡಿ.

## 1. ಮೊದಲು ಗುರಿ ಆರಿಸಿ

ಅತಿ ಹೆಚ್ಚು ಜನ ಸೋಲುವುದು ಇಲ್ಲೇ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಪ್ರತಿ ಗ್ಯಾಲಕ್ಸಿಗೂ ಡೆಕ್ಲಿನೇಷನ್ ಅಂತ ಒಂದು ಸಂಖ್ಯೆ ಇರುತ್ತದೆ, ಅದು ಆಕಾಶದ ಅಕ್ಷಾಂಶ ಇದ್ದಂತೆ. ಸ್ಟೆಲೇರಿಯಂ ಅನ್ನುವ ಆಕಾಶ ನಕ್ಷೆಯ ತಂತ್ರಾಂಶದಲ್ಲಿ ಗ್ಯಾಲಕ್ಸಿ ಮೇಲೆ ಕ್ಲಿಕ್ ಮಾಡಿದರೆ ಕಾಣುತ್ತದೆ. ಆ ಸಂಖ್ಯೆಗೂ 13ಕ್ಕೂ ಎಷ್ಟು ವ್ಯತ್ಯಾಸವೋ, ಗ್ಯಾಲಕ್ಸಿ ನೆತ್ತಿಯಿಂದ ಅಷ್ಟು ಡಿಗ್ರಿ ದೂರದಲ್ಲಿ ಹಾದುಹೋಗುತ್ತದೆ. ಅದಕ್ಕಿಂತ ಮೇಲೆ ಅದು ಎಂದೂ ಬರುವುದಿಲ್ಲ.

ಎಂ 81 ಮತ್ತು ಎಂ 82 ಜೋಡಿಯನ್ನು ತೆಗೆದುಕೊಳ್ಳಿ (ಎಂ ಅಂದರೆ ಮೆಸ್ಸಿಯರ್ ಪಟ್ಟಿ, ಮುಂದೆ ಬರುವ ಎನ್‌ಜಿಸಿ ಇನ್ನೊಂದು ಪಟ್ಟಿ, ಸಂಖ್ಯೆ ಆ ಪಟ್ಟಿಯದ್ದು). ಯುರೋಪಿನವರ ವಿಡಿಯೊ ನೋಡಿ ಎಲ್ಲರೂ ಮೊದಲು ಕೈ ಹಾಕುವುದು ಇದಕ್ಕೆ. ಇದರ ಡೆಕ್ಲಿನೇಷನ್ +69. ಅಂದರೆ ನಮ್ಮಲ್ಲಿ ಇದು ಉತ್ತರದಲ್ಲಿ 34 ಡಿಗ್ರಿಗಿಂತ ಮೇಲೆ ಏರುವುದಿಲ್ಲ. ಆ ಎತ್ತರದಲ್ಲಿ ಊರಿನ ಬೆಳಕು, ಧೂಳು, ಹೊಗೆ ಎಲ್ಲದರ ಮೂಲಕವೇ ನೋಡಬೇಕು. ಅಲ್ಲಿನವರಿಗೆ ಸುಲಭ, ನಮಗೆ ಕಷ್ಟ.

ಆದರೆ ನಮಗೆ ಒಂದು ದೊಡ್ಡ ಅನುಕೂಲ ಇದೆ. ಸಿಂಹ ಮತ್ತು ಕನ್ಯಾ ರಾಶಿಗಳ ಗ್ಯಾಲಕ್ಸಿಗಳಲ್ಲಿ ಅನೇಕವು +13 ಡಿಗ್ರಿಯ ಆಸುಪಾಸಿನಲ್ಲಿವೆ. ಅವು ಸರಿಯಾಗಿ ನಮ್ಮ ನೆತ್ತಿಯ ಮೇಲೆ ಹಾದುಹೋಗುತ್ತವೆ. ಸಿಂಹ ರಾಶಿಯ ತ್ರಿವಳಿ, ಅಂದರೆ ಎಂ 65, ಎಂ 66 ಮತ್ತು ಎನ್‌ಜಿಸಿ 3628, ಮೂರೂ ಒಂದೇ ಫ್ರೇಮಿನಲ್ಲಿ ಸಿಗುತ್ತವೆ. ಕನ್ಯಾ ರಾಶಿಯ ಕಡೆ ಮಾರ್ಕೇರಿಯನ್ ಸರಪಳಿ, ಅಂದರೆ ಸಾಲಾಗಿ ಕಾಣುವ ಗ್ಯಾಲಕ್ಸಿಗಳ ಗುಂಪು, ಇದೆ. ಅದರ ಪಕ್ಕದಲ್ಲೇ ಎಂ 87 ಇದೆ. ಅದು ಐದು ಕೋಟಿ ಜ್ಯೋತಿರ್ವರ್ಷಗಳಿಗೂ ಜಾಸ್ತಿ ದೂರ. ನಗರದ ಆಕಾಶದಲ್ಲಿ ಅತಿ ಕಡಿಮೆ ಬೆಳಕು ಇರುವ ಜಾಗ ಅಂದರೆ ನೆತ್ತಿಯೇ. ಅಷ್ಟು ದೂರದ ಗ್ಯಾಲಕ್ಸಿಗಳು ಅಲ್ಲಿಗೇ ಬರುತ್ತಿರುವಾಗ ಉತ್ತರದ ಮಂಜಿನಲ್ಲಿ ಯಾಕೆ ಒದ್ದಾಡಬೇಕು, ಅಲ್ವಾ?

ಎರಡನೇ ವಿಷಯ, ಮ್ಯಾಗ್ನಿಟ್ಯೂಡ್ ಸಂಖ್ಯೆ (ಹೊಳಪಿನ ಅಳತೆ, ಸಂಖ್ಯೆ ಕಡಿಮೆಯಾದಷ್ಟು ಹೊಳಪು ಜಾಸ್ತಿ) ನೋಡಿ ಮೋಸ ಹೋಗಬೇಡಿ. ಎಂ 101 ಮತ್ತು ಎಂ 104 ಎರಡರದ್ದೂ ಮ್ಯಾಗ್ನಿಟ್ಯೂಡ್ 8ರ ಹತ್ತಿರ. ಆದರೆ ಎಂ 101ರ ಬೆಳಕು ಹುಣ್ಣಿಮೆ ಚಂದ್ರನಷ್ಟು ಅಗಲಕ್ಕೆ ಹರಡಿಕೊಂಡಿದೆ. ಎಂ 104ರ ಬೆಳಕು ಅದರ ಸಣ್ಣ ಪಾಲಿನಷ್ಟು ಜಾಗದಲ್ಲಿ ಒತ್ತಾಗಿದೆ. ಮೊದಲನೆಯದು ಊರಿನ ಬೆಳಕಿನಲ್ಲಿ ಕರಗಿಹೋಗುತ್ತದೆ, ಎರಡನೆಯದು ಎದ್ದು ನಿಲ್ಲುತ್ತದೆ. ಎಂ 33 ಸಹ ಎಂ 101ರ ಹಾಗೆಯೇ. ಅವೆರಡನ್ನೂ ಸದ್ಯಕ್ಕೆ ಬಿಡಿ.

ಶುರು ಮಾಡುವವರಿಗೆ ನನ್ನ ಆಯ್ಕೆ ಹೀಗಿದೆ. ಮೊದಲು ಎಂ 104, ನಮ್ಮಲ್ಲಿ 65 ಡಿಗ್ರಿ ಎತ್ತರಕ್ಕೆ ಬರುತ್ತದೆ. ಆಮೇಲೆ ಸಿಂಹದ ತ್ರಿವಳಿ. ನಂತರ ಸೂಜಿಯ ಹಾಗೆ ಕಾಣುವ ಎನ್‌ಜಿಸಿ 4565. ಕೈ ಪಳಗಿದ ಮೇಲೆ ಎಂ 51 ಮತ್ತು ಮಾರ್ಕೇರಿಯನ್ ಸರಪಳಿ. ನವೆಂಬರ್, ಡಿಸೆಂಬರ್‌ನಲ್ಲಿ ತೆಗೆಯುವುದಾದರೆ ದಕ್ಷಿಣದ ಎನ್‌ಜಿಸಿ 253 ಒಳ್ಳೆಯ ಗುರಿ, 52 ಡಿಗ್ರಿ ಎತ್ತರಕ್ಕೆ ಬರುತ್ತದೆ. ಆಂಡ್ರೊಮಿಡಾ, ಅಂದರೆ ಎಂ 31, ಹುಡುಕಲು ಸುಲಭ. ಆದರೆ ಊರಿನಿಂದ ಅದರ ನಡುಭಾಗ ಚೆನ್ನಾಗಿ ಬರುತ್ತದೆ, ಹೊರಗಿನ ತೋಳುಗಳು ಬರಲು ತುಂಬಾ ಗಂಟೆ ಬೇಕು.

## 2. ರಾತ್ರಿ ಮತ್ತು ಹೊತ್ತು ಗೊತ್ತು ಮಾಡಿ

ಗ್ಯಾಲಕ್ಸಿಗೆ ಚಂದ್ರ ಇರಬಾರದು. ಗೋಡೆಯ ಕ್ಯಾಲೆಂಡರ್‌ನಲ್ಲಿ ಅಮಾವಾಸ್ಯೆ ನೋಡಿ, ಹಿಂದೆ ಮುಂದೆ ನಾಲ್ಕೈದು ದಿನ ಗುರುತು ಹಾಕಿ. ಶಿವರಾತ್ರಿ ಬರುವುದು ಅಮಾವಾಸ್ಯೆಯ ಹಿಂದಿನ ದಿನಗಳಲ್ಲಿ. ಹೇಗೂ ಜಾಗರಣೆಯ ರಾತ್ರಿ, ಮಧ್ಯರಾತ್ರಿ ಕಳೆದು ಒಂದೆರಡು ಗಂಟೆಯಲ್ಲಿ ಸಿಂಹ ರಾಶಿ ನೆತ್ತಿಗೆ ಬಂದಿರುತ್ತದೆ. ಯುಗಾದಿಯ ಹೊತ್ತಿಗೆ ಅದು ರಾತ್ರಿ 11ರ ಸುಮಾರಿಗೇ ನೆತ್ತಿಯಲ್ಲಿರುತ್ತದೆ, ಕನ್ಯಾ ರಾಶಿ ಅದರ ಹಿಂದೆಯೇ ಬರುತ್ತದೆ. ದೀಪಾವಳಿ ಅಮಾವಾಸ್ಯೆಯನ್ನು ಮಾತ್ರ ನಂಬಬೇಡಿ. ಪಟಾಕಿ ಹೊಗೆಯಲ್ಲಿ ಏನೂ ಬರುವುದಿಲ್ಲ.

ರಾತ್ರಿ 11 ಗಂಟೆಯ ನಂತರ ಅಂಗಡಿಗಳ ಬೋರ್ಡು, ಮನೆಗಳ ದೀಪ ಆರುತ್ತವೆ. ವಾಹನಗಳೂ ಕಡಿಮೆಯಾಗುತ್ತವೆ. ಆಕಾಶ ನಿಜಕ್ಕೂ ಸ್ವಲ್ಪ ಕಪ್ಪಾಗುತ್ತದೆ. ಗ್ಯಾಲಕ್ಸಿ ಅತಿ ಎತ್ತರದಲ್ಲಿರುವ ಹೊತ್ತಿಗೆ ಎರಡು ಗಂಟೆ ಮುಂಚೆ ಶುರು ಮಾಡಿ, ಆ ಹೊತ್ತು ದಾಟಿ ಎರಡು ಗಂಟೆ ಆದ ಮೇಲೆ ನಿಲ್ಲಿಸಿ. 40 ಡಿಗ್ರಿಗಿಂತ ಕೆಳಗೆ ಇದ್ದಾಗ ತೆಗೆದ ಫ್ರೇಮುಗಳು ಸುಮ್ನೆ ಡಿಸ್ಕ್ ತುಂಬಿಸುತ್ತವೆ.

ದಿಕ್ಕೂ ಮುಖ್ಯ. ಕೆಂಗೇರಿ ಕಡೆ ಇದ್ದರೆ ನಿಮಗೆ ಪೂರ್ವದ ಆಕಾಶ ಬೆಳಗಿರುತ್ತದೆ. ವೈಟ್‌ಫೀಲ್ಡ್‌ನಲ್ಲಿದ್ದರೆ ಪಶ್ಚಿಮ. ಊರಿನ ಅಂಚಿನಲ್ಲಿರುವವರು ಊರಿಗೆ ಬೆನ್ನು ಮಾಡಿ ತೆಗೆದರೆ ಲಾಭ ಇದೆ. ಮಲ್ಲೇಶ್ವರ, ಜಯನಗರದಂಥ ನಡು ಊರಿನವರಿಗೆ ಎಲ್ಲ ದಿಕ್ಕೂ ಒಂದೇ, ಅವರು ನೆತ್ತಿಯನ್ನೇ ನಂಬಬೇಕು.

ಎಚ್ಚರಿಕೆ: ಏಪ್ರಿಲ್, ಮೇ ಸಂಜೆಗಳಲ್ಲಿ ಗುಡುಗು ಮಳೆ ಬೇಗ ಕಟ್ಟಿಕೊಳ್ಳುತ್ತದೆ. ದೂರದಲ್ಲಿ ಮಿಂಚು ಕಂಡರೆ ಕಾಯಬೇಡಿ. ಮೊದಲು ವೈರ್ ಕಿತ್ತು, ಟೆಲಿಸ್ಕೋಪ್ ಒಳಗೆ ತಂದು, ನೀವೂ ಟೆರೇಸ್ ಬಿಟ್ಟು ಇಳಿಯಿರಿ.

## 3. ಸಾಮಾನು ಜೋಡಿಸಿಕೊಳ್ಳಿ

ಬೇಕಾದ ಸಾಮಾನು ಇಷ್ಟು:

- 70ರಿಂದ 150 ಮಿ.ಮೀ. ಅಗಲದ ಟೆಲಿಸ್ಕೋಪ್, ಎಫ್/5ರಿಂದ ಎಫ್/6.5 (ಫೋಕಲ್ ಲೆಂಗ್ತ್ ಅನ್ನು ಅಗಲದಿಂದ ಭಾಗಿಸಿದ ಸಂಖ್ಯೆ) ಇದ್ದರೆ ಉತ್ತಮ
- ಮೋಟಾರ್ ಇರುವ ಈಕ್ವಟೋರಿಯಲ್ ಮೌಂಟ್, ಅಂದರೆ ಭೂಮಿ ತಿರುಗುವುದಕ್ಕೆ ತಕ್ಕಂತೆ ಟೆಲಿಸ್ಕೋಪ್ ತಿರುಗಿಸುವ ಸ್ಟ್ಯಾಂಡ್
- ಹಳೆಯ ಡಿಎಸ್‌ಎಲ್‌ಆರ್ ಅಥವಾ ಖಗೋಳ ಕ್ಯಾಮೆರಾ
- 30 ಮಿ.ಮೀ. ಗೈಡ್ ಸ್ಕೋಪ್, ಸಣ್ಣ ಗೈಡ್ ಕ್ಯಾಮೆರಾ (ನಕ್ಷತ್ರವನ್ನು ಗಮನಿಸುತ್ತಾ ಮೌಂಟ್‌ನ ತಪ್ಪು ತಿದ್ದಲು, ಇದೇ ಗೈಡಿಂಗ್)
- ಬಾಹ್ಟಿನೋವ್ ಮಾಸ್ಕ್ (ಫೋಕಸ್ ಮಾಡಲು ಟೆಲಿಸ್ಕೋಪಿನ ಬಾಯಿಗೆ ಹಾಕುವ ಸೀಳುಗಳ ಮುಚ್ಚಳ)
- ಇಬ್ಬನಿ ತಡೆಯಲು ಹೀಟರ್ ಪಟ್ಟಿ
- 12 ವೋಲ್ಟ್ ಬ್ಯಾಟರಿ ಅಥವಾ ಮನೆಯ ಯುಪಿಎಸ್‌ನಿಂದ ಒಂದು ಲೈನ್

ದುಡ್ಡು ಹಾಕುವುದಿದ್ದರೆ ಮೌಂಟ್‌ಗೆ ಹಾಕಿ. ಒಳ್ಳೆಯ ಮೌಂಟ್ ಮೇಲಿನ ಸಣ್ಣ ಟೆಲಿಸ್ಕೋಪ್ ಗ್ಯಾಲಕ್ಸಿ ಹಿಡಿಯುತ್ತದೆ. ಅಲ್ಲಾಡುವ ಮೌಂಟ್ ಮೇಲಿನ ದೊಡ್ಡ ಟೆಲಿಸ್ಕೋಪ್ ಗೆರೆಗಳನ್ನು ಹಿಡಿಯುತ್ತದೆ. ಕೊಳ್ಳುವ ಮುನ್ನ ಒಂದು ಪ್ರಶ್ನೆ ಕೇಳಲೇಬೇಕು: ಈ ಮೌಂಟ್ 13 ಡಿಗ್ರಿಗೆ ಇಳಿಯುತ್ತದೆಯೇ? ಕೆಲವು ಮೌಂಟ್‌ಗಳು ಅಷ್ಟು ಕೆಳಗೆ ಇಳಿಯುವುದಿಲ್ಲ. ಇಳಿದರೂ ಕೆಲವದರಲ್ಲಿ ಎದುರು ತೂಕದ ಕಂಬಿ ಟ್ರೈಪಾಡ್ ಕಾಲಿಗೆ ಬಡಿಯುತ್ತದೆ.

ಗ್ಯಾಲಕ್ಸಿ ಎಷ್ಟು ದೊಡ್ಡದಾಗಿ ಬರುತ್ತದೆ ಅನ್ನುವುದಕ್ಕೆ ಒಂದು ಲೆಕ್ಕ ಇದೆ. ಕ್ಯಾಮೆರಾದ ಪಿಕ್ಸೆಲ್ ಅಳತೆಯನ್ನು ಮೈಕ್ರಾನ್‌ನಲ್ಲಿ ತೆಗೆದುಕೊಂಡು 206ರಿಂದ ಗುಣಿಸಿ, ಟೆಲಿಸ್ಕೋಪಿನ ಫೋಕಲ್ ಲೆಂಗ್ತ್‌ನಿಂದ ಭಾಗಿಸಿ. 3.76 ಮೈಕ್ರಾನ್ ಕ್ಯಾಮೆರಾ, 650 ಮಿ.ಮೀ. ಟೆಲಿಸ್ಕೋಪ್ ಇದ್ದರೆ ಒಂದು ಪಿಕ್ಸೆಲ್‌ಗೆ 1.2 ಆರ್ಕ್‌ಸೆಕೆಂಡ್ ಬರುತ್ತದೆ (ಒಂದು ಡಿಗ್ರಿಗೆ 60 ಆರ್ಕ್‌ಮಿನಿಟ್, ಒಂದು ಆರ್ಕ್‌ಮಿನಿಟ್‌ಗೆ 60 ಆರ್ಕ್‌ಸೆಕೆಂಡ್). ಎಂ 104ರ ಉದ್ದ ಸುಮಾರು 9 ಆರ್ಕ್‌ಮಿನಿಟ್, ಅಂದರೆ ಫೋಟೋದಲ್ಲಿ 450 ಪಿಕ್ಸೆಲ್. ಇದು ಸಾಕು. 1ರಿಂದ 2.5ರ ನಡುವೆ ಬಂದರೆ ನೆಮ್ಮದಿಯಾಗಿರಿ. 0.6 ಥರ ಬಂದರೆ ಟೆರೇಸ್ ಮೇಲಿನ ನಡುಗುವ ಗಾಳಿಯಲ್ಲಿ ಆ ಸೂಕ್ಷ್ಮತೆ ವ್ಯರ್ಥ, ಗೈಡಿಂಗ್ ಕಷ್ಟ ಮಾತ್ರ ಜಾಸ್ತಿ.

ಇನ್ನು ಫಿಲ್ಟರ್ ವಿಷಯ. ನೀಹಾರಿಕೆಗಳಿಗೆ ಬಳಸುವ ಡ್ಯುಯಲ್ ಬ್ಯಾಂಡ್ ಫಿಲ್ಟರ್ ಗ್ಯಾಲಕ್ಸಿಗೆ ಹಾಕಬೇಡಿ. ಗ್ಯಾಲಕ್ಸಿಯ ಬೆಳಕು ಅಂದರೆ ಕೋಟ್ಯಂತರ ನಕ್ಷತ್ರಗಳ ಬೆಳಕು, ಅದರಲ್ಲಿ ಎಲ್ಲ ಬಣ್ಣವೂ ಇದೆ. ಆ ಫಿಲ್ಟರ್ ಅದನ್ನೇ ತಡೆಯುತ್ತದೆ. ಹಳೆಯ ಸೋಡಿಯಂ ಬೀದಿದೀಪದ ಹಳದಿ ಬೆಳಕನ್ನು ಫಿಲ್ಟರ್ ಸೋಸುತ್ತಿತ್ತು. ಈಗಿನ ಬಿಳಿ ಎಲ್‌ಇಡಿ ಬೆಳಕೂ ಎಲ್ಲ ಬಣ್ಣದ್ದೇ, ಅದನ್ನು ಬೇರ್ಪಡಿಸುವುದು ಕಷ್ಟ. ಕ್ಯಾಮೆರಾದಲ್ಲೇ ಇಲ್ಲದಿದ್ದರೆ ಕಣ್ಣಿಗೆ ಕಾಣದ ಬೆಳಕನ್ನು ತಡೆಯುವ ಒಂದು ಯುವಿ-ಐಆರ್ ಕಟ್ ಫಿಲ್ಟರ್ ಹಾಕಿ, ಅಷ್ಟು ಸಾಕು.

ಸೀಸ್ಟಾರ್‌ನಂಥ ಸ್ಮಾರ್ಟ್ ಟೆಲಿಸ್ಕೋಪ್ ಇರುವವರು 5, 6ನೇ ಹಂತ ಬಿಟ್ಟು ಉಳಿದದ್ದನ್ನು ಅನುಸರಿಸಬಹುದು. ಮೇಲೆ-ಕೆಳಗೆ ಮತ್ತು ಅಡ್ಡಕ್ಕೆ ಮಾತ್ರ ತಿರುಗುವ ಆಲ್ಟ್-ಅಜ್ ಮೌಂಟ್ ಆಗಿದ್ದರೆ ಒಂದು ಎಚ್ಚರ: ಸರಿಯಾಗಿ ನೆತ್ತಿಯ ಹತ್ತಿರ ಫ್ರೇಮ್ ಬೇಗ ಬೇಗ ತಿರುಗುತ್ತದೆ. ಸಿಂಹ, ಕನ್ಯಾ ರಾಶಿಗಳು ಪೂರ್ವದಲ್ಲಿ 45ರಿಂದ 75 ಡಿಗ್ರಿ ಏರುವಾಗ ತೆಗೆಯಿರಿ. ನೆತ್ತಿ ದಾಟುವಾಗ ಬಿಡುವು ಕೊಟ್ಟು, ಪಶ್ಚಿಮಕ್ಕೆ ಇಳಿಯುವಾಗ ಮತ್ತೆ ಶುರು ಮಾಡಿ.

## 4. ಟೆರೇಸ್‌ನಲ್ಲಿ ಜಾಗ ಸಿದ್ಧ ಮಾಡಿ

ಸ್ಲ್ಯಾಬ್‌ನ ನಟ್ಟನಡುವೆ ಟ್ರೈಪಾಡ್ ಇಡಬೇಡಿ. ನಡೆದಾಡಿದರೆ ಅಲ್ಲಿ ಅದುರುತ್ತದೆ. ಕೆಳಗೆ ಪಿಲ್ಲರ್ ಅಥವಾ ಬೀಮ್ ಇರುವ ಜಾಗ ಗಟ್ಟಿ. ಒಮ್ಮೆ ಜಾಗ ಗೊತ್ತಾದ ಮೇಲೆ ಮೂರು ಕಾಲುಗಳ ಗುರುತನ್ನು ಪೇಂಟ್‌ನಲ್ಲಿ ಹಾಕಿಬಿಡಿ. ಮುಂದಿನ ಸಲ ಅರ್ಧ ಕೆಲಸ ಕಡಿಮೆಯಾಗುತ್ತದೆ.

ಹಗಲಿಡೀ ಕಾದ ಕಾಂಕ್ರೀಟ್ ರಾತ್ರಿ ಹತ್ತರವರೆಗೂ ಬಿಸಿ ಬಿಡುತ್ತಿರುತ್ತದೆ. ಪಕ್ಕದ ಮನೆಯ ಎಸಿ ಯಂತ್ರದ ಮೇಲಿನಿಂದ ನೋಡಿದರೂ ನಕ್ಷತ್ರ ಕುದಿಯುತ್ತದೆ. ಟೆಲಿಸ್ಕೋಪನ್ನು ಮುಕ್ಕಾಲು ಗಂಟೆ ಮುಂಚೆಯೇ ಹೊರಗಿಡಿ. ಬೀದಿದೀಪ ನೇರವಾಗಿ ಬೀಳುತ್ತಿದ್ದರೆ ಬಟ್ಟೆ ಒಣಗಿಸುವ ತಂತಿಗೆ ಕಪ್ಪು ಬೆಡ್‌ಶೀಟ್ ಕಟ್ಟಿ. ಟೆಲಿಸ್ಕೋಪಿನ ಬಾಯಿಗೆ ಹಳೆಯ ಯೋಗ ಮ್ಯಾಟ್ ಸುತ್ತಿ ಉದ್ದ ಮಾಡಿದರೆ ಅಡ್ಡ ಬೆಳಕೂ ಇಬ್ಬನಿಯೂ ಎರಡೂ ಕಡಿಮೆಯಾಗುತ್ತವೆ.

## 5. ಧ್ರುವ ನಕ್ಷತ್ರ ಕಾಣದೆ ಪೋಲಾರ್ ಅಲೈನ್‌ಮೆಂಟ್

ಪೋಲಾರ್ ಅಲೈನ್‌ಮೆಂಟ್ ಅಂದರೆ ಮೌಂಟ್‌ನ ಅಕ್ಷವನ್ನು ಆಕಾಶದ ಉತ್ತರ ಧ್ರುವದ ಕಡೆಗೆ ಸರಿಯಾಗಿ ಇಡುವುದು. ಅದಕ್ಕಾಗಿ ಮೌಂಟ್‌ನ ಪೋಲಾರ್ ಸ್ಕೋಪ್‌ನಲ್ಲಿ ಧ್ರುವ ನಕ್ಷತ್ರ ಹುಡುಕುತ್ತಾ ಎಷ್ಟೋ ಜನ ಒಂದು ಗಂಟೆ ಕಳೆಯುತ್ತಾರೆ. ಬೆಂಗಳೂರಿನಲ್ಲಿ ಅದು ಇರುವುದು ಕೇವಲ 13 ಡಿಗ್ರಿ ಎತ್ತರದಲ್ಲಿ. ಪಕ್ಕದ ಅಪಾರ್ಟ್‌ಮೆಂಟೇ ಸಾಕು ಅದನ್ನು ಮುಚ್ಚಲು. ಹುಡುಕುವುದು ಬಿಡಿ, ಹೀಗೆ ಮಾಡಿ:

1. ಟ್ರೈಪಾಡ್ ಮಟ್ಟ ಮಾಡಿ. ಮೌಂಟ್‌ನ ಅಕ್ಷಾಂಶವನ್ನು 13ಕ್ಕೆ ಇಡಿ.
2. ದಿಕ್ಸೂಚಿಯಿಂದ ಉತ್ತರಕ್ಕೆ ತಿರುಗಿಸಿ. ಮೊಬೈಲ್ ದಿಕ್ಸೂಚಿಯನ್ನು ಕಬ್ಬಿಣದ ರೇಲಿಂಗ್ ಮತ್ತು ಮೌಂಟ್‌ನಿಂದ ದೂರ ಹಿಡಿದು ನೋಡಿ.
3. ಕ್ಯಾಮೆರಾ ಜೋಡಿಸಿ, ಫೋಕಸ್ ಮಾಡಿ (ಹೇಗೆ ಅನ್ನೋದು 6ನೇ ಹಂತದಲ್ಲಿದೆ). ಫೋಕಸ್ ಇಲ್ಲದೆ ಮುಂದಿನದು ಆಗುವುದಿಲ್ಲ.
4. ಫೋಟೋ ತೆಗೆಯಲು ಬಳಸುವ ನೀನಾ (N.I.N.A.) ತಂತ್ರಾಂಶದಲ್ಲಿ ಮೂರು ಬಿಂದುಗಳ ಪೋಲಾರ್ ಅಲೈನ್‌ಮೆಂಟ್ ಪ್ಲಗಿನ್ ಇದೆ. ಆಕಾಶದ ಯಾವ ಭಾಗ ಕಂಡರೂ ಸಾಕು. ಅದು ಮೂರು ಫೋಟೋ ತೆಗೆದು, ನಕ್ಷತ್ರಗಳನ್ನು ಗುರುತಿಸಿ, ಎಷ್ಟು ತಪ್ಪಿದೆ ಅಂತ ತೋರಿಸುತ್ತದೆ.
5. ಮೌಂಟ್‌ನ ಎರಡು ತಿರುಪುಗಳನ್ನು ಮಾತ್ರ ತಿರುಗಿಸಿ ತಪ್ಪನ್ನು 2 ಆರ್ಕ್‌ಮಿನಿಟ್‌ಗಿಂತ ಕಡಿಮೆಗೆ ತನ್ನಿ.

ತಿರುಪು ಬಿಗಿ ಮಾಡುವಾಗ ಸಂಖ್ಯೆ ಮತ್ತೆ ಜಾರುತ್ತದೆ. ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ನೋಡಿ.

## 6. ಫೋಕಸ್ ಮತ್ತು ಗೈಡಿಂಗ್

ಬಾಹ್ಟಿನೋವ್ ಮಾಸ್ಕ್ ಹಾಕಿ ಒಂದು ಪ್ರಕಾಶಮಾನ ನಕ್ಷತ್ರ ನೋಡಿ. ನಡುವಿನ ಗೆರೆ ಸರಿಯಾಗಿ ಮಧ್ಯಕ್ಕೆ ಬರಬೇಕು. ಮಾಸ್ಕ್ ತೆಗೆಯಲು ಮರೆಯಬೇಡಿ. ರಾತ್ರಿ ತಣ್ಣಗಾಗುತ್ತಾ ಹೋದ ಹಾಗೆ ಫೋಕಸ್ ಸರಿಯುತ್ತದೆ, ಗಂಟೆಗೊಮ್ಮೆ ಪರೀಕ್ಷಿಸಿ. ನ್ಯೂಟೋನಿಯನ್ (ಕನ್ನಡಿಯ ಟೆಲಿಸ್ಕೋಪ್) ಇದ್ದರೆ ಕನ್ನಡಿಗಳನ್ನು ಸರಿಹೊಂದಿಸುವ ಕಾಲಿಮೇಷನ್ ಕೆಲಸವನ್ನು ಸಂಜೆ ಬೆಳಕಿರುವಾಗಲೇ ಮುಗಿಸಿ.

ಗೈಡಿಂಗ್‌ಗೆ ಪಿಎಚ್‌ಡಿ2 ಅನ್ನುವ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಒಟ್ಟು ತಪ್ಪು 1.5 ಆರ್ಕ್‌ಸೆಕೆಂಡ್ ಒಳಗಿದ್ದರೆ ಸಣ್ಣ ಟೆಲಿಸ್ಕೋಪಿಗೆ ಸಾಕು. ಡಿದರಿಂಗ್ ಅನ್ನು ಖಂಡಿತ ಆನ್ ಮಾಡಿ. ಅಂದರೆ ಕೆಲವು ಫ್ರೇಮಿಗೊಮ್ಮೆ ಟೆಲಿಸ್ಕೋಪ್ ಕೊಂಚ ಪಕ್ಕಕ್ಕೆ ಸರಿಯುತ್ತದೆ, ಆಗ ಕ್ಯಾಮೆರಾದ ಕಲೆಗಳು ಒಂದೇ ಜಾಗದಲ್ಲಿ ಕೂರುವುದಿಲ್ಲ. ಕೊನೆಯ ಚಿತ್ರದಲ್ಲಿ ಓರೆಯಾಗಿ ಮಳೆ ಸುರಿದಂಥ ಗೆರೆಗಳಿದ್ದರೆ ಡಿದರಿಂಗ್ ಆಗಿಲ್ಲ ಅಂತಲೇ ಅರ್ಥ.

## 7. ಎಕ್ಸ್‌ಪೋಷರ್: ಫ್ರೇಮ್ ಸಣ್ಣದು, ಒಟ್ಟು ಸಮಯ ದೊಡ್ಡದು

ಮಸುಕಾದ ವಸ್ತು ಅಂದಮೇಲೆ ಐದು ನಿಮಿಷದ ಎಕ್ಸ್‌ಪೋಷರ್ ಬೇಕು ಅಂತ ಜನ ಅಂದುಕೊಳ್ಳುತ್ತಾರೆ. ಊರಿನಲ್ಲಿ ಅದು ತಪ್ಪು. ಅಷ್ಟರಲ್ಲಿ ಆಕಾಶದ ಬೆಳಕೇ ಫ್ರೇಮ್ ತುಂಬಿಬಿಡುತ್ತದೆ. ಎಫ್/5 ಟೆಲಿಸ್ಕೋಪಿಗೆ 30 ಸೆಕೆಂಡಿನಿಂದ ಶುರು ಮಾಡಿ. ಹಿಸ್ಟೋಗ್ರಾಂನ (ಫೋಟೋದ ಬೆಳಕಿನ ಹಂಚಿಕೆ ತೋರಿಸುವ ಗ್ರಾಫ್) ಗುಡ್ಡ ಎಡ ಅಂಚಿನಿಂದ ಬಿಡಿಸಿಕೊಂಡು, ಕಾಲು ಭಾಗದ ಹತ್ತಿರ ನಿಂತರೆ ಸರಿ. ಅಂಚಿಗೇ ಅಂಟಿದ್ದರೆ 60 ಸೆಕೆಂಡ್ ಮಾಡಿ. ಅರ್ಧ ದಾಟಿದ್ದರೆ ಕಡಿಮೆ ಮಾಡಿ. ಡಿಎಸ್‌ಎಲ್‌ಆರ್‌ಗೆ ಐಎಸ್‌ಒ 800 ಸಾಕು, ಫೈಲ್ ರಾ ಆಗಿರಲೇಬೇಕು.

ಈಗ ಒಟ್ಟು ಸಮಯ. ಆಕಾಶದ ಕತ್ತಲನ್ನೂ ಮ್ಯಾಗ್ನಿಟ್ಯೂಡ್‌ನಲ್ಲೇ ಅಳೆಯುತ್ತಾರೆ. ದೊಡ್ಡ ನಗರದ ನಡುವೆ ಒಂದು ಚದರ ಆರ್ಕ್‌ಸೆಕೆಂಡಿಗೆ 18ರ ಸುಮಾರು, ಒಳ್ಳೆಯ ಕತ್ತಲ ಊರಿನಲ್ಲಿ 21.5ರ ಸುಮಾರು. ಮೂರೂವರೆ ಮ್ಯಾಗ್ನಿಟ್ಯೂಡ್ ವ್ಯತ್ಯಾಸ ಅಂದರೆ ನಮ್ಮ ಆಕಾಶ 25 ಪಟ್ಟು ಬೆಳಗಿದೆ. ಅಲ್ಲಿ ಹತ್ತು ನಿಮಿಷದಲ್ಲಿ ಬರುವ ಚಿತ್ರಕ್ಕೆ ಇಲ್ಲಿ ನಾಲ್ಕು ಗಂಟೆಗೂ ಜಾಸ್ತಿ ಬೇಕು. ಈ ಲೆಕ್ಕ ತಿಳಿದ ಮೇಲೆ ಒಂದು ಗಂಟೆ ತೆಗೆದು ಬೇಸರ ಪಡುವುದು ನಿಲ್ಲುತ್ತದೆ.

ಎಂ 104ಕ್ಕೆ ಕನಿಷ್ಠ ಮೂರು ಗಂಟೆ, ಸಿಂಹದ ತ್ರಿವಳಿಗೆ ಐದಾರು ಗಂಟೆ ಇಟ್ಟುಕೊಳ್ಳಿ. ಒಂದೇ ರಾತ್ರಿ ಆಗಬೇಕಿಲ್ಲ, ಎರಡು ಮೂರು ರಾತ್ರಿ ಸೇರಿಸಬಹುದು. ಕ್ಯಾಮೆರಾ ಕೋನ ಮಾತ್ರ ಬದಲಾಗಬಾರದು. ಒಂದು ರಾತ್ರಿಗೆ ಮೂರು ಗ್ಯಾಲಕ್ಸಿ ತೆಗೆಯುವ ಆಸೆ ಬಿಡಿ, ಮೂರೂ ಅರ್ಧಂಬರ್ಧ ಆಗುತ್ತವೆ. 30 ಸೆಕೆಂಡಿನ ಫ್ರೇಮುಗಳಲ್ಲಿ ಐದು ಗಂಟೆ ಅಂದರೆ 600 ಫೈಲ್. 9 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲೂ 11 ಜಿಬಿ ಆಗುತ್ತದೆ, ಜಾಗ ಮೊದಲೇ ನೋಡಿಕೊಳ್ಳಿ.

ವಿಮಾನ, ಉಪಗ್ರಹಗಳ ಗೆರೆ ಬಂದರೆ ಗಾಬರಿ ಬೇಡ. ಸ್ಟ್ಯಾಕ್ ಮಾಡುವಾಗ, ಅಂದರೆ ಎಲ್ಲ ಫ್ರೇಮುಗಳನ್ನು ಸೇರಿಸಿ ಒಂದು ಚಿತ್ರ ಮಾಡುವಾಗ, ಅವು ಹೋಗುತ್ತವೆ. ನಕ್ಷತ್ರಗಳ ಸುತ್ತ ಮಬ್ಬು ವರ್ತುಲ ಕಂಡರೆ ಮಾತ್ರ ತಕ್ಷಣ ಎದ್ದು ನೋಡಿ, ಲೆನ್ಸ್ ಮೇಲೆ ಇಬ್ಬನಿ ಕೂತಿರುತ್ತದೆ ಅಥವಾ ತೆಳು ಮೋಡ ಬಂದಿರುತ್ತದೆ.

## 8. ಫ್ಲಾಟ್ ಮತ್ತು ಡಾರ್ಕ್ ಫ್ರೇಮುಗಳು

ನಿದ್ದೆ ಬರುತ್ತಿರುತ್ತದೆ, ನಾಳೆ ತೆಗೆದರಾಯಿತು ಅನ್ನಿಸುತ್ತದೆ. ಆದರೆ ಕ್ಯಾಮೆರಾ ಬಿಚ್ಚುವ ಮುನ್ನವೇ ಫ್ಲಾಟ್, ಅಂದರೆ ಧೂಳು ಮತ್ತು ಮೂಲೆಯ ಕಪ್ಪನ್ನು ಸರಿಪಡಿಸಲು ಸಮನಾದ ಬಿಳಿ ಬೆಳಕಿನ ಫೋಟೋ, ತೆಗೆಯಬೇಕು. ಬಿಚ್ಚಿ ಮತ್ತೆ ಹಾಕಿದರೆ ಧೂಳಿನ ಉಂಗುರಗಳು, ಮೂಲೆಯ ಕಪ್ಪು ಯಾವುದೂ ಹೊಂದುವುದಿಲ್ಲ. ಆಕಾಶ ಬೆಳಗಿರುವ ಊರಿನಲ್ಲಿ ಈ ದೋಷಗಳು ಗ್ಯಾಲಕ್ಸಿಗಿಂತ ಎದ್ದು ಕಾಣುತ್ತವೆ. ಹಾಗಾಗಿ ಫ್ಲಾಟ್ ಇಲ್ಲದ ರಾತ್ರಿಯನ್ನು ನಾನು ಅರ್ಧ ರಾತ್ರಿ ಅಂತಲೇ ಲೆಕ್ಕ ಹಾಕುತ್ತೇನೆ.

ಟೆಲಿಸ್ಕೋಪಿನ ಬಾಯಿಗೆ ಬಿಳಿ ಬನಿಯನ್ ಬಟ್ಟೆ ಬಿಗಿಯಾಗಿ ಕಟ್ಟಿ, ಮೇಲೆ ಟ್ಯಾಬ್ಲೆಟ್‌ನ ಬಿಳಿ ಪರದೆ ಇಡಿ. ಹಿಸ್ಟೋಗ್ರಾಂ ನಡುವಿಗೆ ಬರುವ ಹಾಗೆ 30 ಫ್ರೇಮ್ ತೆಗೆಯಿರಿ. ಪರದೆ ಮಿನುಗುವುದರಿಂದ ಎಕ್ಸ್‌ಪೋಷರ್ ಒಂದು ಸೆಕೆಂಡಿನ ಆಸುಪಾಸು ಇರಲಿ. ಗೆರೆಗೆರೆ ಬಂದರೆ ಕಾರಣ ಅದೇ. ಆಮೇಲೆ ಮುಚ್ಚಳ ಹಾಕಿ ಡಾರ್ಕ್ (ಕ್ಯಾಮೆರಾದ ಕಲೆಗಳನ್ನು ತೆಗೆಯುವ ಕಪ್ಪು ಫ್ರೇಮ್) 30, ಗ್ಯಾಲಕ್ಸಿ ಫ್ರೇಮುಗಳದ್ದೇ ಸೆಕೆಂಡ್, ಅದೇ ಗೇನ್ (ಕ್ಯಾಮೆರಾದ ವರ್ಧನೆ), ಅದೇ ತಾಪಮಾನ. ಕೊನೆಗೆ ಅತಿ ಸಣ್ಣ ಎಕ್ಸ್‌ಪೋಷರ್‌ನ ಬಯಾಸ್ 50.

## 9. ಸಿರಿಲ್‌ನಲ್ಲಿ ಸಂಸ್ಕರಣೆ

ಸಿರಿಲ್ ಅನ್ನುವ ಖಗೋಳ ಫೋಟೋ ತಂತ್ರಾಂಶ ಉಚಿತ, ಸಾಧಾರಣ ಲ್ಯಾಪ್‌ಟಾಪ್‌ನಲ್ಲೂ ನಡೆಯುತ್ತದೆ. ಇಲ್ಲಿ ಕ್ರಮವೇ ಮುಖ್ಯ.

1. ಫ್ರೇಮುಗಳನ್ನು ಒಮ್ಮೆ ಕಣ್ಣಾಡಿಸಿ ಮೋಡ, ಅಲುಗಾಟ ಇರುವುದನ್ನು ತೆಗೆದುಹಾಕಿ.
2. ಲೈಟ್ (ಗ್ಯಾಲಕ್ಸಿ ಫ್ರೇಮುಗಳು), ಡಾರ್ಕ್, ಫ್ಲಾಟ್, ಬಯಾಸ್ ಫೈಲುಗಳನ್ನು ಬೇರೆ ಬೇರೆ ಫೋಲ್ಡರ್‌ಗೆ ಹಾಕಿ, ಬಣ್ಣದ ಕ್ಯಾಮೆರಾದ ಸಿದ್ಧ ಸ್ಕ್ರಿಪ್ಟ್ ಓಡಿಸಿ ಸ್ಟ್ಯಾಕ್ ಮಾಡಿ.
3. ಅಂಚು ಕತ್ತರಿಸಿ. ಡಿದರಿಂಗ್‌ನಿಂದ ಅಂಚಿನಲ್ಲಿ ಬಂದ ಪಟ್ಟಿಗಳು ಮುಂದಿನ ಹಂತವನ್ನು ಕೆಡಿಸುತ್ತವೆ.
4. ಹಿನ್ನೆಲೆಯ ಬೆಳಕು ತೆಗೆಯಿರಿ. ಸಿರಿಲ್‌ನಲ್ಲೇ ಆಗುತ್ತದೆ, ಗ್ರಾಕ್ಸ್‌ಪರ್ಟ್ ಅನ್ನುವ ಉಚಿತ ತಂತ್ರಾಂಶವೂ ಇದೆ.
5. ಬಣ್ಣ ಸರಿಪಡಿಸಿ, ಹಸಿರು ನಾಯ್ಸ್ ತೆಗೆಯಿರಿ.
6. ಇಷ್ಟೆಲ್ಲ ಆದ ಮೇಲೆ ಮಾತ್ರ ಸ್ಟ್ರೆಚ್ ಮಾಡಿ, ಅಂದರೆ ಮಸುಕಾದ ಭಾಗಗಳನ್ನು ಬೆಳಗಿಸಿ.

ನಾಲ್ಕನೇ ಹಂತದಲ್ಲಿ ನಿಧಾನವಾಗಿರಿ. ಹಿನ್ನೆಲೆ ಅಳೆಯುವ ಚೌಕಗಳು ಗ್ಯಾಲಕ್ಸಿ ಮೇಲೆ ಅಥವಾ ಅದರ ಅಂಚಿನಲ್ಲಿ ಕೂತರೆ ತಂತ್ರಾಂಶ ಗ್ಯಾಲಕ್ಸಿಯನ್ನೇ ಊರಿನ ಬೆಳಕು ಅಂತ ತಿಳಿದು ಅಳಿಸುತ್ತದೆ. ಗ್ಯಾಲಕ್ಸಿ ಸುತ್ತ ಕಪ್ಪು ಬಳೆ ಕಂಡರೆ ಆಗಿರುವುದು ಅದೇ. ಆ ಚೌಕಗಳನ್ನು ಕೈಯಿಂದ ಅಳಿಸಿ ಮತ್ತೆ ಮಾಡಿ.

ಸ್ಟ್ರೆಚ್ ಅನ್ನು ಸ್ವಲ್ಪ ಸ್ವಲ್ಪವಾಗಿ, ಹಲವು ಸಲ ಮಾಡಿ. ಹಿನ್ನೆಲೆಯನ್ನು ಕಡುಕಪ್ಪು ಮಾಡುವ ಆಸೆ ಎಲ್ಲರಿಗೂ ಇರುತ್ತದೆ. ಹಾಗೆ ಮಾಡಿದರೆ ಗಂಟೆಗಟ್ಟಲೆ ಕಾದು ಹಿಡಿದ ಹೊರ ತೋಳುಗಳು ಆ ಕಪ್ಪಿನಲ್ಲೇ ಹೋಗುತ್ತವೆ. ಹಿನ್ನೆಲೆ ಕಡು ಬೂದಾಗಿಯೇ ಇರಲಿ. ನಾಯ್ಸ್ ತೆಗೆಯುವ ಸಾಧನವನ್ನೂ ಅತಿಯಾಗಿ ಬಳಸಬೇಡಿ, ಎಂ 104ರ ನಡುವಿನ ಧೂಳಿನ ಪಟ್ಟಿ ಮೇಣದಂತೆ ನುಣುಪಾದರೆ ಹಿಂದಕ್ಕೆ ಬನ್ನಿ.

ಮುಗಿದ ಮೇಲೂ ಮೂಲ ಫ್ರೇಮುಗಳನ್ನು ಮತ್ತು ಆ ರಾತ್ರಿಯ ಫ್ಲಾಟ್‌ಗಳನ್ನು ತಾರೀಖು ಬರೆದ ಫೋಲ್ಡರ್‌ನಲ್ಲಿ ಇಟ್ಟುಕೊಳ್ಳಿ. ಫೋಕಲ್ ಲೆಂಗ್ತ್, ಎಕ್ಸ್‌ಪೋಷರ್, ಗೇನ್, ಕ್ಯಾಮೆರಾ ಕೋನ ಒಂದು ಸಾಲಿನಲ್ಲಿ ಬರೆದಿಡಿ. ಮುಂದಿನ ಅಮಾವಾಸ್ಯೆಗೆ ಅದೇ ಕೋನದಲ್ಲಿ ಇನ್ನೂ ಮೂರು ಗಂಟೆ ತೆಗೆದು, ಪ್ರತಿ ರಾತ್ರಿಯ ಫ್ರೇಮುಗಳಿಗೂ ಆಯಾ ರಾತ್ರಿಯದೇ ಫ್ಲಾಟ್ ಹಾಕಿ, ಆಮೇಲೆ ಎಲ್ಲವನ್ನೂ ಒಟ್ಟಿಗೆ ಸ್ಟ್ಯಾಕ್ ಮಾಡಿ.